ವೈಸ್‌ನಲ್ಲಿ ಕಟ್ಟಿದ ಅಲ್ಯೂಮಿನಿಯಂ ಪ್ಲೇಟ್ ಒಂದೇ ಬದಿಗೆ ತೆಳುವಾಗುತ್ತಿದೆ, ವೈಸ್ ಬದಲಿಸಬೇಕೇ?

ಪೀಣ್ಯ ಎರಡನೇ ಹಂತ

ಎಲ್ಲರಿಗೂ ನಮಸ್ಕಾರ. ಪೀಣ್ಯದ ಬಾಡಿಗೆ ಶೆಡ್ಡಿನಲ್ಲಿ ಒಂದು ಹಳೆಯ ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಯಂತ್ರ) ಇಟ್ಟುಕೊಂಡು ಜಾಬ್ ವರ್ಕ್ ಮಾಡುತ್ತಿದ್ದೇನೆ. ಒಬ್ಬ ಆಪರೇಟರ್ ಇದ್ದಾನೆ, ಉಳಿದದ್ದೆಲ್ಲ ನಾನೇ.

ಕಳೆದ ತಿಂಗಳು 6061 ಅಲ್ಯೂಮಿನಿಯಂ ಪ್ಲೇಟ್ ಕೆಲಸ ಬಂತು. ಅಳತೆ 120×80, ದಪ್ಪ 18 ಮಿ.ಮೀ., ಎರಡು ಮುಖಗಳ ಸಮಾನಾಂತರ 0.02 ಒಳಗೆ ಇರಬೇಕು. 40 ಪೀಸ್ ಕೊಟ್ಟೆ, 11 ವಾಪಸ್ ಬಂದವು. ಮೈಕ್ರೋಮೀಟರ್ ಹಿಡಿದು ನಾನೇ ಮತ್ತೆ ಅಳೆದಾಗ ವೈಸಿನ ಕದಲದ ದವಡೆ, ಅಂದರೆ ಫಿಕ್ಸೆಡ್ ಜಾ ಕಡೆ 18.01, ಹಿಡಿ ತಿರುಗಿಸಿದರೆ ಓಡುವ ಮೂವಿಂಗ್ ಜಾ ಕಡೆ 17.94. ಕೆಟ್ಟ ಪೀಸ್‌ಗಳೆಲ್ಲ ಇದೇ ರೀತಿ ಇವೆ.

ವೈಸ್ 6 ಇಂಚಿನದು, ಸೆಕೆಂಡ್ ಹ್ಯಾಂಡ್. ಫಿಕ್ಸೆಡ್ ಜಾ ಉದ್ದಕ್ಕೆ ಡಯಲ್ (ಸಣ್ಣ ಏರಿಳಿತ ತೋರಿಸುವ ಮುಳ್ಳಿನ ಗೇಜ್) ಓಡಿಸಿದರೆ 0.01 ಕೂಡ ತೋರಿಸುವುದಿಲ್ಲ. 50 ಮಿ.ಮೀ. ಫೇಸ್ ಮಿಲ್ ಕಟರಿನಲ್ಲಿ ಎರಡು ಪಾಸ್ ಹೊಡೆಯುತ್ತೇವೆ. ಕಟರಿನ ಹಲ್ಲು (ಇನ್ಸರ್ಟ್) ಬದಲಿಸಿದೆ, ಫೀಡ್ ಇಳಿಸಿದೆ, ಏನೂ ವ್ಯತ್ಯಾಸವಿಲ್ಲ. ಸಾಲ ಮಾಡಿ ಹೊಸ ವೈಸ್ ತರುವ ಮೊದಲು ತಿಳಿದವರನ್ನು ಕೇಳೋಣ ಎನಿಸಿತು.

ಇನ್ನೊಂದು ವಿಷಯ. ಮುಂದಿನ ವಾರ 400×300 ಪ್ಲೇಟ್ ಒಂದು ಬರುತ್ತದೆ. ವೈಸ್‌ನಲ್ಲಿ ಕೂರುವುದಿಲ್ಲ, ಟೇಬಲ್ ಮೇಲೆಯೇ ಕ್ಲಾಂಪ್ ಹಾಕಬೇಕು. ನನ್ನ ಟಿ-ಸ್ಲಾಟ್ (ಟೇಬಲ್ಲಿನಲ್ಲಿರುವ ಟಿ ಆಕಾರದ ಕಾಲುವೆ) 18 ಮಿ.ಮೀ. ಕ್ಲಾಂಪ್ ಸೆಟ್ ಕೊಳ್ಳುವಾಗ ಏನು ನೋಡಬೇಕು?

ಜಿಗಣಿ ಸಿಎನ್‌ಸಿ

ಕಟರ್ ಹಿಡಿದು ತಿರುಗಿಸುವ ಸ್ಪಿಂಡಲ್ ಹೆಡ್ ವಾಲಿರಬಹುದು. ಟೇಬಲ್ ಮೇಲೆ ಡಯಲ್ ಸುತ್ತಿಸಿ ನೋಡಿ, ಸರ್ವಿಸ್‌ನವರನ್ನು ಕರೆಸಿ.

ಹಳೆಯ ಫಿಟ್ಟರ್

ಸರ್ವಿಸ್‌ನವರಿಗೆ ಈಗಲೇ ಫೋನ್ ಮಾಡಬೇಡಿ. ಹೆಡ್ ಆ ಕಡೆಗೆ ವಾಲಿದ್ದರೆ, ಎರಡು ಪಾಸ್‌ನಲ್ಲಿ ತೆಗೆದ ಮುಖದ ನಡುವೆ ಮೆಟ್ಟಿಲು ಬರಬೇಕಿತ್ತು. ಉಗುರಿಗೆ ಸಿಗುವಂಥ ಗೆರೆ. ನಿಮ್ಮ ದೂರು ಅದಲ್ಲ. ಒಂದು ಬದಿಯಿಂದ ಇನ್ನೊಂದು ಬದಿಗೆ ಇಳಿಜಾರು, ಅದೂ ಯಾವಾಗಲೂ ಮೂವಿಂಗ್ ಜಾ ಕಡೆಗೇ. ನಿಮ್ಮ ಅಳತೆಯಲ್ಲಿಯೇ ಉತ್ತರವಿದೆ.

ಮೂವತ್ತೆರಡು ವರ್ಷ ಟೂಲ್‌ರೂಮಿನಲ್ಲಿ ಇದ್ದೆ. ಅದರಲ್ಲಿ ಹತ್ತು ವರ್ಷ ಎಚ್‌ಎಂಟಿಯ ಎಫ್‌ಎನ್2 ಮಿಲ್ಲಿಂಗ್ ಮುಂದೆ ನಿಂತೇ ಕಳೆದವನು. ಜಾಬ್, ಅಂದರೆ ಕೊಯ್ಯುವ ಪೀಸ್, ಕೆಟ್ಟಾಗ ಎಲ್ಲರ ಕಣ್ಣು ಮೊದಲು ಕಟರ್ ಮೇಲೆ ಹೋಗುತ್ತದೆ. ನನ್ನ ಅನುಭವದಲ್ಲಿ ಹೆಚ್ಚು ಸಲ ತಪ್ಪು ಇದ್ದದ್ದು ಹಿಡಿತದಲ್ಲಿ.

ನಡೆಯುತ್ತಿರುವುದು ಇಷ್ಟು. ಹಿಡಿ ತಿರುಗಿಸಿದಾಗ ಮೂವಿಂಗ್ ಜಾ ಮುಂದಕ್ಕೆ ಹೋಗುವುದರ ಜೊತೆಗೆ ತಲೆಯೆತ್ತುತ್ತದೆ. ಸ್ಕ್ರೂ ಕೆಳಗಿದೆ, ಜಾಬ್ ಮೇಲಿದೆ. ಕೆಳಗಿನಿಂದ ತಳ್ಳಿದಾಗ ಮೇಲೆ ತಡೆ ಸಿಕ್ಕರೆ ಜಾ ಹಿಂದಕ್ಕೆ ವಾಲಿ ಏಳುತ್ತದೆ, ತಾನು ಕಚ್ಚಿದ ಜಾಬಿನ ಅಂಚನ್ನೂ ಎತ್ತಿಕೊಂಡು ಹೋಗುತ್ತದೆ. ಆ ಬದಿ 0.07 ಎದ್ದು ನಿಂತಿರುವಾಗ ನೀವು ಮೇಲ್ಮುಖವನ್ನು ಮಟ್ಟವಾಗಿ ಕೊಯ್ಯುತ್ತೀರಿ. ಬಿಚ್ಚಿದಾಗ ಆ ಬದಿ 0.07 ತೆಳು. ನಿಮ್ಮ 18.01 ಮತ್ತು 17.94ರ ಅಂತರ ಅದೇ.

ಖಚಿತ ಮಾಡಿಕೊಳ್ಳಲು ಕಾಗದ ಸಾಕು. ಜಾಬಿನ ನಾಲ್ಕು ಮೂಲೆಗೆ, ಅದರ ಅಡಿಗೆ ಇಡುವ ಸಮ ಎತ್ತರದ ಪ್ಯಾರಲಲ್ ಮೇಲೆ, ಸಿಗರೇಟ್ ಪೇಪರಿನಷ್ಟು ತೆಳುವಾದ ಪಟ್ಟಿ ಇಡಿ. ಬಿಗಿ ಮಾಡಿ, ಒಂದೊಂದನ್ನೇ ಎಳೆಯಿರಿ. ಫಿಕ್ಸೆಡ್ ಕಡೆಯವು ಕದಲದೆ ಮೂವಿಂಗ್ ಕಡೆಯವು ಜಾರಿ ಬಂದರೆ ಬೇರೆ ಸಾಕ್ಷಿ ಬೇಡ. ಮ್ಯಾಗ್ನೆಟ್ ಸ್ಟ್ಯಾಂಡಿನಲ್ಲಿ ಡಯಲ್ ಇಟ್ಟು, ಜಾಬಿನ ಮೇಲ್ಮುಖಕ್ಕೆ ಮುಟ್ಟಿಸಿ ಬಿಗಿ ಮಾಡುತ್ತಾ ಹೋದರೆ ಮುಳ್ಳು ಏರುವುದೂ ಕಣ್ಣಿಗೆ ಕಾಣುತ್ತದೆ. ಹಳೆಯ ವೈಸ್ ಕೊಳ್ಳುವವರು ಅಂಗಡಿಯಲ್ಲೇ ಈ ಪರೀಕ್ಷೆ ಮಾಡಲಿ. ಹೊರಗಿನ ಬಣ್ಣ ನೋಡಿ ಹಣ ಕೊಡಬೇಡಿ.

ಹೊಸದು ಬೇಕೇ ಎಂದರೆ, ಮೊದಲು ಇರುವುದನ್ನು ಬಿಚ್ಚಿ. ಮೂವಿಂಗ್ ಜಾ ತೆಗೆದು ಅದರ ಹೊಟ್ಟೆ ನೋಡಿ. ಇಳಿಜಾರು ನಟ್ಟಿನ ಮೇಲೆ ಅರ್ಧ ಗುಂಡು ಕೂರುವ ಜಾತಿಯದಾದರೆ ನಿಮ್ಮ ಅದೃಷ್ಟ. ಆ ವೈಸ್ ಬಿಗಿಯಾದಂತೆ ಜಾ ಅನ್ನು ಕೆಳಕ್ಕೆ ಎಳೆದುಕೊಳ್ಳಬೇಕು. ಎಳೆಯುತ್ತಿಲ್ಲವೆಂದರೆ ಆ ಗುಂಡಿನ ಗೂಡಿನಲ್ಲಿ ಅಲ್ಯೂಮಿನಿಯಂ ಚೂರು ತುಂಬಿ ಗಟ್ಟಿಯಾಗಿರುತ್ತದೆ, ಇಲ್ಲವೇ ಜಾ ಸೆಟ್ ಸ್ಕ್ರೂ ಸಡಿಲವಾಗಿರುತ್ತದೆ. ಸ್ಕ್ರೂವನ್ನು ಮುಟ್ಟುವ ತನಕ ಬಿಗಿದು, ಜಾ ಸರಾಗವಾಗಿ ಓಡುವಷ್ಟು ಮಾತ್ರ ಹಿಂದಕ್ಕೆ ಬಿಡಿ. ಬೆಡ್ ಮೇಲೆ ಎದ್ದಿರುವ ಬರ್‌ಗಳನ್ನು (ಲೋಹದ ಮುಳ್ಳುಗಳನ್ನು) ಎಣ್ಣೆಕಲ್ಲಿನಿಂದ ಸವರಿ, ಫೈಲ್ ಮುಟ್ಟಿಸಬೇಡಿ.

ಒಂದು ಅನುಮಾನ ಕೇಳುತ್ತೇನೆ, ಬೇಸರಿಸಬೇಡಿ. ನಿಮ್ಮ ಹುಡುಗ ವೈಸ್ ಹಿಡಿಗೆ ಪೈಪ್ ಹಾಕುತ್ತಾನೆಯೇ? ಏರ್ ಗನ್ನಿನಿಂದ ವೈಸ್ ಊದುತ್ತಾನೆಯೇ? ಗಾಳಿ ಚೂರನ್ನು ಹೊರಹಾಕುವುದಕ್ಕಿಂತ ಜಾ ಅಡಿಗೆ, ಸ್ಕ್ರೂ ಸಂದಿಗೆ ನುಗ್ಗಿಸುವುದೇ ಹೆಚ್ಚು. ಬ್ರಷ್ ಕೊಡಿ, ಕೊನೆಗೆ ಅಂಗೈಯಿಂದ ಸವರಲಿ. ಕಣ್ಣಿಗೆ ಕಾಣದ ಚೂರು ಅಂಗೈಗೆ ಸಿಗುತ್ತದೆ.

ಇನ್ನು ಗರಗಸದಲ್ಲಿ ಕತ್ತರಿಸಿದ ಪೀಸ್ ನೇರವಾಗಿ ಹಾಕುತ್ತಿದ್ದರೆ ವೈಸ್ ಚೆನ್ನಾಗಿದ್ದರೂ ಜಾಬ್ ಏಳುತ್ತದೆ. ಒಂದು ಅಂಚನ್ನು ಮೊದಲು ಮಿಲ್ಲಿಂಗ್ ಮಾಡಿ, ಅದನ್ನು ಫಿಕ್ಸೆಡ್ ಜಾಗೆ ಒರಗಿಸಿ. ಎದುರು ಬದಿಯಲ್ಲಿ ಜಾಬಿಗೂ ಮೂವಿಂಗ್ ಜಾಗೂ ನಡುವೆ ಒಂದು ಹಿತ್ತಾಳೆಯ ದುಂಡು ಸರಳು ಅಡ್ಡ ಇಡಿ, ಹಿಡಿತದ ಎತ್ತರದ ನಡುಭಾಗಕ್ಕೆ ಬರುವಂತೆ. ಸರಳು ಒಂದೇ ಗೆರೆಯಲ್ಲಿ ತಳ್ಳುವುದರಿಂದ ವಕ್ರ ಅಂಚು ಜಾಬನ್ನು ತಿರುಚಲಾರದು, ಫಿಕ್ಸೆಡ್ ಜಾಗೆ ಪೂರ್ತಿ ಅಂಟಿ ಕೂರುತ್ತದೆ. ಬಿಗಿ ಮಾಡಿದ ಮೇಲೆ ಮೆತ್ತನೆಯ ಸುತ್ತಿಗೆಯಿಂದ ಕೆಳಕ್ಕೆ ತಟ್ಟಿ. ತಟ್ಟಿದ ಮೇಲೆ ಮತ್ತೆ ಬಿಗಿ ಮಾಡಬಾರದು, ಕೂತದ್ದು ಮತ್ತೆ ಏಳುತ್ತದೆ.

ಟೇಬಲ್ ಕ್ಲಾಂಪ್ ಬಗ್ಗೆ. 18ರ ಸ್ಲಾಟಿಗೆ ಎಂ16 ಸ್ಟಡ್ (16 ಮಿ.ಮೀ. ಥ್ರೆಡ್ಡಿನ ಸರಳು) ಸೆಟ್ ಸಿಗುತ್ತದೆ. ಸ್ಲಾಟಿನೊಳಗೆ ಕೂರುವ ಟಿ-ನಟ್ ಕೈಗೆ ತೆಗೆದುಕೊಂಡು ಸ್ಟಡ್ ತಿರುಗಿಸಿ ನೋಡಿ. ತಳದಲ್ಲಿ ಅದು ನಿಲ್ಲಬೇಕು. ಒಳ್ಳೆಯ ಟಿ-ನಟ್ಟಿನ ಕೊನೆಯ ಥ್ರೆಡ್ಡನ್ನು ಬೇಕೆಂದೇ ಜಜ್ಜಿರುತ್ತಾರೆ. ಸ್ಟಡ್ ಆರಪಾರ ಹೋದರೆ ಅದು ಸ್ಲಾಟಿನ ತಳಕ್ಕೆ ಒತ್ತಿ, ನಟ್ಟನ್ನು ಮೇಲಕ್ಕೆ ಜ್ಯಾಕ್‌ನಂತೆ ಎತ್ತುತ್ತದೆ. ಬೀಡು ಕಬ್ಬಿಣದ ಟೇಬಲ್ಲಿನ ತುಟಿ ಮುರಿಯಲು ಅಷ್ಟು ಸಾಕು. ಹಾಗೆ ಮುರಿದ ಟೇಬಲ್ ಒಂದನ್ನು ನೋಡಿದ್ದೇನೆ. ಆ ದಿನ ಶಾಪಿನಲ್ಲಿ ಯಾರೂ ಊಟ ಮಾಡಲಿಲ್ಲ.

ಸ್ಟಡ್ ಎಲ್ಲಿ ನಿಲ್ಲಿಸುತ್ತೀರಿ ಎಂಬುದು ಎಷ್ಟು ಬಿಗಿ ಮಾಡುತ್ತೀರಿ ಎಂಬುದಕ್ಕಿಂತ ಮುಖ್ಯ. ಕ್ಲಾಂಪಿನ ಹಿಂತುದಿಗೆ ಆಧಾರ ಕೊಡುವ ಸ್ಟೆಪ್ ಬ್ಲಾಕಿನಿಂದ ಜಾಬಿನ ತನಕ ಕ್ಲಾಂಪ್ 90 ಮಿ.ಮೀ. ಎಂದುಕೊಳ್ಳಿ. ಸ್ಟಡ್ ಜಾಬಿನಿಂದ 30ರಲ್ಲಿದ್ದರೆ ಬೋಲ್ಟಿನ ಬಲದ ಮೂರನೇ ಎರಡು ಭಾಗ ಜಾಬಿಗೆ ಹೋಗುತ್ತದೆ. 60ರಲ್ಲಿದ್ದರೆ ಮೂರನೇ ಒಂದೇ ಭಾಗ. ಉಳಿದದ್ದನ್ನು ಸ್ಟೆಪ್ ಬ್ಲಾಕ್ ತಿನ್ನುತ್ತದೆ. ಹಿಂದಿನ ಬ್ಲಾಕ್ ಜಾಬಿಗಿಂತ ಕೂದಲೆಳೆಯಷ್ಟು ಎತ್ತರವಿರಲಿ, ತಗ್ಗಾದರೆ ಕ್ಲಾಂಪ್ ಜಾಬಿನ ಅಂಚನ್ನು ಮಾತ್ರ ಒತ್ತಿ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಕ್ಲಾಂಪ್ ಒತ್ತುವ ಜಾಗದ ನೇರ ಕೆಳಗೆ ಆಧಾರ ಇರಲೇಬೇಕು. ಟೊಳ್ಳಿನ ಮೇಲೆ ಒತ್ತಿದರೆ ಪ್ಲೇಟ್ ಬಾಗುತ್ತದೆ, ಬಿಚ್ಚಿದಾಗ ನೆಟ್ಟಗಾಗಿ ನಿಮ್ಮ ಮಟ್ಟವನ್ನು ಹಾಳು ಮಾಡುತ್ತದೆ.

ಉದ್ಯಮಬಾಗ್ ಲೇತ್

ಫಿಟ್ಟರ್ ಸರ್ ಹೇಳಿದ ಕೊನೆಯ ಮಾತು ಲೇತಿನಲ್ಲಿಯೂ ನಿಜ. ಬೆಳಗಾವಿಯಲ್ಲಿ ನಾನು ಮತ್ತು ನನ್ನ ತಂದೆ ಎರಕದ ರಿಂಗ್‌ಗಳ ಬೋರಿಂಗ್ (ಒಳ ರಂಧ್ರ ಕೊಯ್ಯುವುದು) ಮಾಡುತ್ತೇವೆ. ಮೂರು ಜಾ ಚಕ್ಕಿನಲ್ಲಿ ತೆಳು ರಿಂಗ್ ಬಿಗಿದು ಬೋರ್ ಮಾಡಿದರೆ ಚಕ್ಕಿನಲ್ಲಿರುವಾಗ ದುಂಡಗೇ ಇರುತ್ತದೆ. ಬಿಚ್ಚಿದ ಮೇಲೆ ಮೂರು ಮೂಲೆಯಾಗುತ್ತದೆ. ಎರಡು ಬಿಂದುವಿನ ಬೋರ್ ಗೇಜಿಗೆ ಅದು ಕಾಣಿಸುವುದೇ ಇಲ್ಲ, ಎಲ್ಲಿ ಹಿಡಿದರೂ ಹೆಚ್ಚುಕಡಿಮೆ ಒಂದೇ ಅಳತೆ. ಒಂದು ಲಾಟ್ ಪೂರ್ತಿ ಹಾಗೆ ಕಳುಹಿಸಿ, ಬೇರಿಂಗ್ ಕೂರದೆ ವಾಪಸ್ ಬಂದಾಗಲೇ ನಮಗೆ ತಿಳಿದದ್ದು. ಈಗ ಅಗಲವಾದ ಸಾಫ್ಟ್ ಜಾ (ಕೊಯ್ಯಲು ಬರುವ ಮೆತ್ತನೆಯ ಜಾ) ಹಾಕಿ, ಜಾಬ್ ಹಿಡಿಯುವಷ್ಟೇ ಬಿಗಿಯಲ್ಲಿ ಒಂದು ಬಿಲ್ಲೆಯನ್ನು ಒಳಗೆ ಕಚ್ಚಿಸಿ, ಜಾಬಿನ ಹೊರ ವ್ಯಾಸಕ್ಕೆ ಸರಿಯಾಗಿ ಜಾಗಳನ್ನೇ ಬೋರ್ ಮಾಡಿಕೊಳ್ಳುತ್ತೇವೆ. ರಫ್ ಆದ ಮೇಲೆ ಒಮ್ಮೆ ಸಡಿಲಿಸಿ, ಕಡಿಮೆ ಬಿಗಿಯಲ್ಲಿ ಮತ್ತೆ ಹಿಡಿದು ಫಿನಿಷ್ ಮಾಡಿ. ನಿಮ್ಮ ಪ್ಲೇಟಿಗೂ ಇದು ಅನ್ವಯ.

ಚಕ್ ಬಿಚ್ಚಿ ತೊಳೆಯುವವರಿಗೆ: ಜಾಗಳ ಮೇಲಿನ 1, 2, 3 ನಂಬರ್ ನೋಡಿ ಅದೇ ಕ್ರಮದಲ್ಲಿ ಹಾಕಿ. ಚಕ್ ಕೀ ಅನ್ನು ಚಕ್ಕಿನಲ್ಲಿ ಬಿಟ್ಟು ಒಂದು ಕ್ಷಣವೂ ಆಚೆ ತಿರುಗಬೇಡಿ.

ಪೀಣ್ಯ ಎರಡನೇ ಹಂತ

ಇಬ್ಬರಿಗೂ ಕೈಮುಗಿದೆ. ಭಾನುವಾರ ಶೆಡ್ಡಿಗೆ ಹೋಗಿ ಎಲ್ಲ ಮಾಡಿದೆ. ಮೂವಿಂಗ್ ಕಡೆಯ ಎರಡೂ ಕಾಗದ ಕೈಗೆ ಬಂದವು. ಡಯಲ್ 0.06 ಏರಿತು. ಜಾ ಬಿಚ್ಚಿದರೆ ಅರ್ಧ ಗುಂಡಿನ ಗೂಡಿನಲ್ಲಿ ಚೂರು ಮತ್ತು ಒಣಗಿದ ಕೂಲೆಂಟ್ ಸೇರಿ ಅಂಟಾಗಿ ಕೂತಿತ್ತು. ಪೈಪಿನ ವಿಷಯವೂ ನಿಜ. ಹುಡುಗನನ್ನು ಬೈಯಲಿಲ್ಲ, ಪೈಪ್ ಹಾಕುವುದನ್ನು ಅವನು ಕಲಿತದ್ದು ನನ್ನನ್ನು ನೋಡಿ. ತೊಳೆದು, ಎಣ್ಣೆ ಹಾಕಿ, ಸ್ಕ್ರೂ ಸರಿಮಾಡಿದ ಮೇಲೆ 0.01. ಐದು ಪೀಸ್ ಮಾಡಿದೆ, ಐದೂ 0.015 ಒಳಗೆ ಇವೆ.

ನನ್ನ ಬಳಿ ಇದ್ದ ಟಿ-ನಟ್‌ಗಳನ್ನೂ ನೋಡಿದೆ. ಆರರಲ್ಲಿ ನಾಲ್ಕರಲ್ಲಿ ಸ್ಟಡ್ ಆರಪಾರ ಹೋಗುತ್ತದೆ. ಸದ್ಯಕ್ಕೆ ಏನು ಮಾಡಲಿ?

ಹಳೆಯ ಫಿಟ್ಟರ್

ಓದಿ ಮನಸ್ಸು ತುಂಬಿತು. ಆ ನಾಲ್ಕು ನಟ್‌ಗಳನ್ನು ಮಗುಚಿ, ಸೆಂಟರ್ ಪಂಚಿನಿಂದ ತಳದ ಥ್ರೆಡ್ಡಿಗೆ ಮೂರು ಕಡೆ ಬಲವಾಗಿ ಹೊಡೆಯಿರಿ. ಆಮೇಲೆ ಸ್ಟಡ್ ಹಾಕಿ, ಅಲ್ಲಿ ನಿಲ್ಲುತ್ತದೆಯೇ ಎಂದು ಪ್ರತಿಯೊಂದನ್ನೂ ಕೈಯಲ್ಲಿ ಪರೀಕ್ಷಿಸಿ. ನಿಲ್ಲದ್ದನ್ನು ಗುಜರಿಗೆ ಹಾಕಿ, ಡಬ್ಬಿಗೆ ಮತ್ತೆ ಸೇರಿಸಬೇಡಿ.