ಭಜನಾ ಮಂದಿರದ ಕೀಬೋರ್ಡಲ್ಲಿ ಕೆಲವು ಕೀ ಸತ್ತಿದೆ, ಎರಡು ಕೀ ಕಿರುಚ್ತದೆ, ಬಿಚ್ಚಿ ನೋಡ್ಬಹುದಾ?

ಸೀತಾಂಗೋಳಿಯ ಭಜನೆಯವ:

ಎಲ್ಲರಿಗೂ ನಮಸ್ಕಾರ. ನಮ್ಮದು ಸೀತಾಂಗೋಳಿ ಹತ್ತಿರ. ಇಲ್ಲಿನ ಭಜನಾ ಮಂದಿರದಲ್ಲಿ ಒಂದು 61 ಕೀ ಕೀಬೋರ್ಡ್ ಉಂಟು, ಹತ್ತು ಹನ್ನೆರಡು ವರ್ಷ ಹಳತು, ಗಲ್ಫಲ್ಲಿದ್ದ ಒಬ್ರು ಊರಿಗೆ ಬಂದಾಗ ಮಂದಿರಕ್ಕೆ ಕೊಟ್ಟದ್ದು. ಶನಿವಾರದ ಭಜನೆಗೆ ನಾನೇ ಬಾರಿಸುದು. ಈ ಸಲ ಜೂನಿಂದ ಆಟಿ ತಿಂಗಳು (ಆಗಸ್ಟ್ ನಡು) ಮುಗಿಯುವವರೆಗೆ ಮಂದಿರದ ಮಾಡು (ಛಾವಣಿ) ರಿಪೇರಿ ಅಂತ ಕೀಬೋರ್ಡನ್ನು ರೆಕ್ಸಿನ್ ಕವರ್ ಹಾಕಿ ಒಳಗಿನ ಕೋಣೆಯಲ್ಲಿ ಇಟ್ಟಿದ್ವಿ, ಚೌತಿಗೆ ಹೊರಗೆ ತೆಗೆದು ಆನ್ ಮಾಡಿದ್ರೆ ಕೆಲವು ಕೀಯಲ್ಲಿ ಸೌಂಡೇ ಇಲ್ಲ, ಎರಡು ಕೀ ಮೆಲ್ಲ ಮುಟ್ಟಿದ್ರೂ ಕಿವಿ ಹರಿದು ಹೋಗುವಷ್ಟು ಜೋರು. ಡಿಸ್‌ಪ್ಲೇ, ತಾಳ, ಟೋನ್ ಬದಲಾಗುದು ಎಲ್ಲ ಸರಿ ಉಂಟು.

ನನಗೆ ಅರ್ಥ ಆಗದ್ದು ಎಂತ ಅಂದ್ರೆ, ಕೆಳಗಿನ ಎಫ್ ಸ್ವರದ ಕೀ ಸತ್ತಿದೆ, ಅದರ ಮೇಲಿನ ಎಫ್ ಸರಿ ಉಂಟು, ಅದಕ್ಕಿಂತ ಮೇಲಿನದ್ದು ಮತ್ತೆ ಸತ್ತಿದೆ. ನಾವು ಹೆಚ್ಚಾಗಿ ಹಾಡುದು ಕಪ್ಪು ಒಂದು ಶ್ರುತಿಯಲ್ಲಿ, ಅಂದ್ರೆ ಮೊದಲ ಕಪ್ಪು ಕೀಯೇ ಷಡ್ಜ, ಎಫ್ ಗಾಂಧಾರ, ಅದರಲ್ಲಿ ಗಾಂಧಾರವೂ ಇಲ್ಲ ಮೇಲಿನ ಷಡ್ಜವೂ ಇಲ್ಲ ಅಂತಾದ್ರೆ ಎಂತ ಬಾರಿಸುದು.

ಪೇಟೆಯ ಒಂದು ಅಂಗಡಿಗೆ ತಕೊಂಡು ಹೋದೆ. ಬಿಚ್ಚಲೇ ಇಲ್ಲ, ಬೋರ್ಡ್ ಹೋಗಿದೆ, ಈ ಮಾಡೆಲಿಂದು ಈಗ ಬರುದಿಲ್ಲ, ಹೊಸತು ತಕೊಳ್ಳಿ ಅಂದ್ರು. ಮಂದಿರದ ಕಾಣಿಕೆ ಡಬ್ಬಿಯಲ್ಲಿ ಅಷ್ಟು ದುಡ್ಡು ಎಲ್ಲಿಂದ, ಮಾಡಿನ ಹಂಚಿಗೇ ಮುಗಿದಿದೆ. ನವರಾತ್ರಿಗೆ ಒಂಬತ್ತು ದಿನವೂ ಭಜನೆ ಉಂಟು. ನನಗೆ ಸ್ಕ್ರೂ ಬಿಚ್ಚಿ ಗೊತ್ತುಂಟು, ಸೋಲ್ಡರ್ ಗೊತ್ತಿಲ್ಲ. ಯಾರಾದ್ರೂ ದಾರಿ ಹೇಳಿ.

ಉಪ್ಪಳದ ಸೋಲ್ಡರ್:

ಬೋರ್ಡ್ ಹೋಗಿದೆ ಅಂತ ಬಿಚ್ಚದೆ ಹೇಳ್ಲಿಕ್ಕೆ ಆಗುದಿಲ್ಲ. ನೀವೂ ಈಗಲೇ ಬಿಚ್ಬೇಡಿ. ಮೊದಲು ಒಂದು ಕೆಲಸ ಮಾಡಿ, ಕೀಗಳ ಮೇಲಿನ ಅಂಚಿಗೆ ಉದ್ದಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ ಎಡದಿಂದ ಬಲಕ್ಕೆ 1ರಿಂದ 61ರ ತನಕ ನಂಬರ್ ಬರೀರಿ, ಬಿಳಿ ಕಪ್ಪು ಎರಡೂ ಸೇರಿಸಿ. ಆಮೇಲೆ ಒಂದೊಂದೇ ಒತ್ತಿ ಸತ್ತದ್ದು ಯಾವ ನಂಬರ್, ಕಿರುಚುದು ಯಾವ ನಂಬರ್ ಅಂತ ಇಲ್ಲಿ ಹಾಕಿ. ಸರಿಗಮದ ಹೆಸರು ಬೇಡ, ನಂಬರ್ ಮಾತ್ರ.

ಸೀತಾಂಗೋಳಿಯ ಭಜನೆಯವ:

ಮಾಡಿದೆ ಅಣ್ಣ. ಸತ್ತದ್ದು: 6, 14, 22, 30, 38, 46, 54. ಕಿರುಚುದು: 27 ಮತ್ತು 32. ಬಾಕಿ ಎಲ್ಲ ಸರಿ.

ಉಪ್ಪಳದ ಸೋಲ್ಡರ್:

ಈಗ ನೋಡಿ, ಸತ್ತ ನಂಬರ್ ಎಲ್ಲ ಎಂಟೆಂಟರ ಅಂತರದಲ್ಲಿ ಉಂಟು. ಇದು ಏಳು ಕೀ ಬೇರೆ ಬೇರೆ ಹಾಳಾದದ್ದಲ್ಲ, ಒಂದೇ ಒಂದು ವಯರಿನ ತೊಂದರೆ. ನೀವು ಬಾರಿಸುವವರು, ನಿಮ್ಮ ತಲೆಯಲ್ಲಿ ಹನ್ನೆರಡರ ಲೆಕ್ಕ ಇರ್ತದೆ, ಷಡ್ಜದಿಂದ ಷಡ್ಜಕ್ಕೆ ಹನ್ನೆರಡು ಮನೆ. ಒಳಗಿನ ಬೋರ್ಡಿಗೆ ಆ ಲೆಕ್ಕ ಇಲ್ಲ. 61 ಕೀಗೆ 61 ವಯರ್ ಎಳೆಯುದು ಬೇಡ ಅಂತ ಎಂಟು ಗೆರೆ ಅಡ್ಡ, ಎಂಟು ಗೆರೆ ಉದ್ದ ಮಾಡಿರ್ತಾರೆ, ಎಂಟೆಂಟ್ಲಿ 64, ಅದರಲ್ಲಿ 61 ಕೀ ಕೂರ್ತದೆ. ಅಡ್ಡಗೆರೆ ಒಂದು ಕಟ್ಟಾದ್ರೆ ಪ್ರತಿ ಎಂಟನೇ ಕೀ ಸಾಯ್ತದೆ, ಉದ್ದಗೆರೆ ಕಟ್ಟಾದ್ರೆ ಒತ್ತೊತ್ತಿಗೆ ಎಂಟು ಕೀ ಒಟ್ಟಿಗೆ ಸಾಯ್ತದೆ. ಎಲ್ಲ ಕೀಬೋರ್ಡಲ್ಲೂ ಎಂಟೇ ಅಂತಲ್ಲ, ಕೆಲವದ್ರಲ್ಲಿ ಆರರ ಲೆಕ್ಕ ಇರ್ತದೆ, ಆದ್ರೆ ನಿಮ್ಮದು ಎಂಟರದ್ದು ಅಂತ ನಿಮ್ಮ ನಂಬರೇ ಹೇಳ್ತಾ ಉಂಟು. ಎಫ್ ಒಂದು ಬಿಟ್ಟು ಒಂದು ಸತ್ತದ್ದೂ ಅದಕ್ಕೇ, 6 ಮತ್ತು 30ರ ನಡುವೆ 24 ಉಂಟು, 24ನ್ನು ಎಂಟರಿಂದ ಭಾಗಿಸ್ಬಹುದು, ನಡುವಿನ ಎಫ್ 18, ಅದು ಬೇರೆ ಗೆರೆ.

ಇನ್ನೊಂದು ಗಮನಿಸಿ. ಕೀಗಳ ಅಡಿಯ ಬೋರ್ಡ್ ಹೆಚ್ಚಾಗಿ ಎರಡು ತುಂಡು ಇರ್ತದೆ, ಎಡದ್ದು ಬಲದ್ದು. ನಿಮ್ಮದ್ರಲ್ಲಿ ಎಡ ತುದಿಯಿಂದ ಬಲ ತುದಿಯವರೆಗೂ ಅದೇ ಗೆರೆ ಸತ್ತಿದೆ. ಹಾಗಾಗಿ ವಯರ್ ಕಟ್ಟಾದದ್ದು ಆ ಎರಡು ತುಂಡಿನ ನಡುವೆ ಅಲ್ಲ, ಅದಕ್ಕಿಂತ ಮೊದಲೇ, ಮೇನ್ ಬೋರ್ಡಿಂದ ಹೊರಡುವ ರಿಬ್ಬನ್ ಕೇಬಲ್ ಅಥವಾ ಅದರ ಕನೆಕ್ಟರ್ ಹತ್ತಿರ. ಅಲ್ಲಿಂದಲೇ ನೋಡ್ಲಿಕ್ಕೆ ಶುರು ಮಾಡಿ. ಚಿಪ್ಪೇ ಹೋಗಿರುದು ತೀರಾ ಅಪರೂಪ.

27 ಮತ್ತು 32ರ ಕಥೆ ಬೇರೆ, ಅದು ಕೊಳೆ. ಪ್ರತಿ ಕೀಯ ಅಡಿಯಲ್ಲಿ ರಬ್ಬರಿನ ಸಣ್ಣ ಗುಮ್ಮಟ ಇರ್ತದೆ, ಅದರೊಳಗೆ ಎರಡು ಕಪ್ಪು ಕಾರ್ಬನ್ ಬೊಟ್ಟು, ಒಂದು ಸ್ವಲ್ಪ ತಗ್ಗು ಒಂದು ಸ್ವಲ್ಪ ಎತ್ತರ. ಕೀ ಒತ್ತುವಾಗ ಮೊದಲು ಒಂದು ಮುಟ್ತದೆ, ಆಮೇಲೆ ಇನ್ನೊಂದು. ಈ ಎರಡರ ನಡುವೆ ಎಷ್ಟು ಸಮಯ ಹೋಯ್ತು ಅಂತ ಚಿಪ್ ಲೆಕ್ಕ ಹಾಕಿ ಮೆಲ್ಲ ಒತ್ತಿದ್ದೋ ಜೋರು ಒತ್ತಿದ್ದೋ ಅಂತ ತೀರ್ಮಾನ ಮಾಡ್ತದೆ. ಮೊದಲಿನ ಬೊಟ್ಟಿಗೆ ಕೊಳೆ ಕೂತು ಅದು ತಡವಾಗಿ ಎರಡನೆದರ ಜೊತೆಗೇ ಮುಟ್ಟಿದ್ರೆ ನಡುವೆ ಸಮಯವೇ ಇಲ್ಲ, ಹಾಗಾಗಿ ಅತಿ ಜೋರು. ನಿಮ್ಮದಕ್ಕೆ ಯುಎಸ್‌ಬಿ ಮಿಡಿ (ಯಾವ ಕೀ, ಎಷ್ಟು ಜೋರು ಒತ್ತಿದ್ದು ಅಂತ ನಂಬರಲ್ಲಿ ಹೊರಗೆ ಕಳಿಸುವ ಸಂಪರ್ಕ) ಇದ್ರೆ ಮೊಬೈಲಿಗೆ ಓಟಿಜಿ ಕೇಬಲ್ ಹಾಕಿ ಯಾವುದಾದ್ರೂ ಮಿಡಿ ಮಾನಿಟರ್ ಆ್ಯಪಲ್ಲಿ ನೋಡಿ, ಆ ಎರಡು ಕೀ ಹೇಗೆ ಒತ್ತಿದ್ರೂ 127 ಅಥವಾ ಅದರ ಹತ್ತಿರ ತೋರಿಸ್ಬಹುದು. 127 ಅಂದ್ರೆ ಅದರ ತುತ್ತ ತುದಿ.

ಬಿಚ್ಚುವ ಮೊದಲು ಅಡಾಪ್ಟರ್ ತೆಗೀರಿ, ಬ್ಯಾಟರಿ ಇದ್ರೆ ಅದನ್ನೂ. ನಿಮ್ಮದು ಹೊರಗಿನ ಅಡಾಪ್ಟರಿಂದು ಆದ್ರೆ ಒಳಗೆ ಶಾಕಿನ ಹೆದರಿಕೆ ಇಲ್ಲ. ನೇರ ಮೂರು ಪಿನ್ ವಯರ್ ಹೋಗುವ ಮಾಡೆಲ್ ಆದ್ರೆ ಮಾತ್ರ ಪವರ್ ಬೋರ್ಡ್ ಕಡೆ ಕೈ ಹಾಕ್ಲೇಬೇಡಿ, ಪ್ಲಗ್ ತೆಗೆದ ಮೇಲೂ ಅಲ್ಲಿನ ದೊಡ್ಡ ಕೆಪಾಸಿಟರಲ್ಲಿ ಚಾರ್ಜ್ ಉಳಿದಿರ್ತದೆ.

ಮುಳ್ಳೇರಿಯ ಟೀಚರ್:

ಸೋಲ್ಡರ್ ಅಣ್ಣ ಹೇಳಿದ್ದು ಸರಿ ಉಂಟು. ಆ ಗುಮ್ಮಟಗಳಿರುವ ರಬ್ಬರ್ ಪಟ್ಟಿ ತೊಳೆಯುದು ನಾನು ಶಾಲೆಯ ಕೀಬೋರ್ಡಿಗೆ ಎರಡು ಸಲ ಮಾಡಿದ್ದೇನೆ, ಅದನ್ನು ಹೇಳ್ತೇನೆ. ಅಡಿಯ ಸ್ಕ್ರೂ ಎಲ್ಲ ಒಂದೇ ಉದ್ದ ಇರುದಿಲ್ಲ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿ ಬಿಗಿ ಮಾಡಿದ್ರೆ ಮೇಲಿನ ಪ್ಲಾಸ್ಟಿಕ್ ತೂತಾಗ್ತದೆ, ನನಗೆ ಮೊದಲ ಸಲ ಹಾಗೆ ಆಗಿ ಈಗಲೂ ಆ ಗಾಯ ಕಾಣ್ತದೆ. ಒಂದು ರಟ್ಟಿನ ಮೇಲೆ ಕೀಬೋರ್ಡಿನ ಚಿತ್ರ ಬರೆದು ಯಾವ ಸ್ಕ್ರೂ ಎಲ್ಲಿಂದ ತೆಗೆದ್ರೋ ಅಲ್ಲೇ ಚುಚ್ಚಿ ಇಡಿ. ಪ್ರತಿ ಹಂತದಲ್ಲಿ ಮೊಬೈಲಲ್ಲಿ ಫೋಟೋ ತೆಗೀರಿ.

ರಬ್ಬರ್ ಪಟ್ಟಿ ಬೋರ್ಡಿಗೆ ಅಂಟಿಸಿರುದಿಲ್ಲ, ಅದರ ಸಣ್ಣ ಸಣ್ಣ ಕಾಲುಗಳು ಬೋರ್ಡಿನ ತೂತಲ್ಲಿ ಸಿಕ್ಕಿಸಿರ್ತದೆ, ಮೆಲ್ಲ ಎಳೆದ್ರೆ ಬರ್ತದೆ. ತೆಗೆದ ಮೇಲೆ ಬೊಟ್ಟು ಬಂದು ಮುಟ್ಟುವ ಬೋರ್ಡಿನ ಕಪ್ಪು ಗುರುತುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಇಯರ್ ಬಡ್ಡಲ್ಲಿ ಒರೆಸಿ, ಉಜ್ಬೇಡಿ. ರಬ್ಬರಿನ ಬೊಟ್ಟಿಗೂ ಅಷ್ಟೇ, ಜೋರು ತಿಕ್ಕಿದ್ರೆ ಕಾರ್ಬನ್ನೇ ಎದ್ದು ಬರ್ತದೆ, ಆಮೇಲೆ ಎಂತ ಮಾಡಿದ್ರೂ ಸರಿ ಆಗುದಿಲ್ಲ. ಪೆಟ್ರೋಲ್, ತಿನ್ನರ್, ತುಕ್ಕು ಬಿಡಿಸುವ ಸ್ಪ್ರೇ ಯಾವುದೂ ಮುಟ್ಟಿಸ್ಬೇಡಿ ದಯವಿಟ್ಟು, ರಬ್ಬರ್ ಉಬ್ಬಿ ಹೋಗ್ತದೆ. ಪುನಃ ಕೂರಿಸುವಾಗ ಪ್ರತಿ ಕಾಲನ್ನೂ ಮೊಂಡು ಕಡ್ಡಿಯಿಂದ ಪೂರ್ತಿ ಒತ್ತಿ, ಒಂದು ಕಾಲು ಅರ್ಧ ಎದ್ದಿದ್ರೂ ಆ ಕೀ ಮತ್ತೆ ಕಿರುಚ್ತದೆ, ನೀವು ತೊಳೆದದ್ದೇ ಸಾಲದು ಅಂತ ಪುನಃ ತೊಳೀಲಿಕ್ಕೆ ಹೊರಡ್ತೀರಿ.

ಹೊಸಂಗಡಿ ಸೌಂಡ್ಸ್:

ನಾನು ಕಾರ್ಯಕ್ರಮಗಳಿಗೆ ಮೈಕ್ ಹಾಕುವವ. ಒಂದು ವಿಷಯ ಸೇರಿಸ್ತೇನೆ, ಪರೀಕ್ಷೆ ಮಾಡುವಾಗ ಅಡಾಪ್ಟರ್ ಅದರದ್ದೇ ಹಾಕಿ. ಮಂದಿರ, ಶಾಲೆಗಳಲ್ಲಿ ಅಡಾಪ್ಟರ್ ಕಾಣೆ ಆಗಿ ಯಾರದ್ದೋ ಮನೆಯಿಂದ ತಂದು ಚುಚ್ಚುದು ಸಾಮಾನ್ಯ, ಪಿನ್ ಕೂರ್ತದೆ ಅಂತ ಎಲ್ಲ ಒಂದೇ ಅಲ್ಲ. ಯಮಹಾದ ಪಿಎ-150 ಅಡಾಪ್ಟರ್ 12 ವೋಲ್ಟ್, ನಡುವಿನ ಪಿನ್ ಪ್ಲಸ್. ಕ್ಯಾಸಿಯೊದ ಹಳೆ ಎಡಿ-5 ಅಡಾಪ್ಟರ್ 9 ವೋಲ್ಟ್, ನಡುವೆ ಮೈನಸ್, ಪೂರಾ ಉಲ್ಟಾ. ಕೀಬೋರ್ಡಿನ ಹಿಂದೆ ಜ್ಯಾಕ್ ಹತ್ತಿರ ಒಂದು ಉರುಟು ಚಿತ್ರದಲ್ಲಿ ಪ್ಲಸ್ ಮೈನಸ್ ತೋರಿಸಿರ್ತದೆ, ಅಡಾಪ್ಟರಿನ ಮೇಲಿನ ಚಿತ್ರವೂ ಅದೇ ಇರ್ಬೇಕು. ನಾನು ಕಣ್ಣಾರೆ ನೋಡಿದ್ದೇನೆ, ಚೆನ್ನಾಗಿದ್ದ ಕೀಬೋರ್ಡ್ ಒಂದೇ ಕ್ಷಣದಲ್ಲಿ ಹೊಗೆ ಬಂದು ಹೋದದ್ದು, ಮಕ್ಕಳು ಡ್ರೆಸ್ ಹಾಕಿ ಸ್ಟೇಜಿನ ಪಕ್ಕದಲ್ಲಿ ನಿಂತಿದ್ರು.

ಮತ್ತೆ ರೆಕ್ಸಿನ್ ಕವರ್ ಮಳೆಗಾಲಕ್ಕೆ ಒಳ್ಳೆದಲ್ಲ, ಒಳಗಿನ ತೇವ ಹೊರಗೆ ಹೋಗುದಿಲ್ಲ. ಹತ್ತಿ ಬಟ್ಟೆ ಹೊದಿಸಿ, ವಾರಕ್ಕೊಮ್ಮೆ ಅರ್ಧ ಗಂಟೆ ಆನ್ ಮಾಡಿ ಬಾರಿಸಿ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಳೆಗೆ ಸಂಜೆ ಸಂಜೆ ಸಿಡಿಲು ಇರ್ತದೆ, ಆಗ ಸ್ವಿಚ್ ಆಫ್ ಮಾಡಿದ್ರೆ ಸಾಲದು, ಪ್ಲಗ್ಗೇ ಎಳೆದಿಡಿ.

ಸೀತಾಂಗೋಳಿಯ ಭಜನೆಯವ:

ಭಾನುವಾರ ಮಂದಿರದ ಜಗಲಿಯಲ್ಲಿ ಚಾಪೆ ಹಾಕಿ ಬಿಚ್ಚಿದೆ. ಹೊರಗಿನ ಅಡಾಪ್ಟರಿಂದೇ, ಹಾಗಾಗಿ ಹೆದರಿಕೆ ಆಗ್ಲಿಲ್ಲ. ಟೀಚರ್ ಹೇಳಿದ ಹಾಗೆ ರಟ್ಟಿಗೆ ಸ್ಕ್ರೂ ಚುಚ್ಚಿದೆ, ನಿಜಕ್ಕೂ ಮೂರು ಉದ್ದದ್ದು ಇತ್ತು. ಅಡಿಯ ಮುಚ್ಚಳ ತೆಗೆದ ಕೂಡ್ಲೆ ಕಂಡದ್ದು ಮೇನ್ ಬೋರ್ಡಿನ ಮೂಲೆಯಲ್ಲಿ ಹಲ್ಲಿ ಮೊಟ್ಟೆಯ ಎರಡು ಚಿಪ್ಪು, ಕಡಲೆ ಬೀಜದಷ್ಟು ದೊಡ್ಡದು, ಒಡೆದು ಒಣಗಿತ್ತು, ಸುತ್ತ ಹಿಕ್ಕೆ. ಅದರ ಪಕ್ಕದಲ್ಲೇ ಸೋಲ್ಡರ್ ಅಣ್ಣ ಹೇಳಿದ ರಿಬ್ಬನ್ ಕೇಬಲ್. ಟಾರ್ಚ್ ಹಾಕಿ ನೋಡಿದ್ರೆ ಒಂದು ವಯರಿನ ಬುಡ ಹಸಿರು, ತಾಮ್ರದ ತಂಬಿಗೆಗೆ ಕಿಲುಬು ಹಿಡಿದ ಹಾಗೆ. ಆಲ್ಕೊಹಾಲಲ್ಲಿ ಒರೆಸಿದೆ, ಮಲ್ಟಿಮೀಟರ್ ಬೀಪಿಗೆ ಇಟ್ಟೆ (ವಯರ್ ಕಟ್ಟಾಗದಿದ್ರೆ ಬೀಪ್ ಬರ್ತದೆ), ಬೀಪ್ ಇಲ್ಲ, ಇಕ್ಕುಳದಲ್ಲಿ ಮೆಲ್ಲ ಮುಟ್ಟಿದ್ದಷ್ಟೇ, ವಯರ್ ಕೈಗೇ ಬಂತು. ಒಳಗೆ ತಾಮ್ರವೇ ಇಲ್ಲ, ಹಸಿರು ಹುಡಿ.

ನಮ್ಮ ನೆರೆಕರೆಯಲ್ಲಿ ಹಿಂದೆ ಟಿವಿ ರಿಪೇರಿ ಮಾಡ್ತಿದ್ದ ಒಬ್ರು ಮಾವ ಇದ್ದಾರೆ, ಅವರು ವಯರಿನ ತುದಿ ಕತ್ತರಿಸಿ, ಒಳ್ಳೆ ತಾಮ್ರ ಬರುವವರೆಗೆ ಸಿಪ್ಪೆ ತೆಗೆದು, ಫ್ಲಕ್ಸ್ ಹಾಕಿ ಸೋಲ್ಡರ್ ಮಾಡಿಕೊಟ್ರು, ಐದು ನಿಮಿಷದ ಕೆಲಸ. ಮುಚ್ಚುವ ಮೊದಲೇ ಆನ್ ಮಾಡಿ ನೋಡಿದೆ. 6, 14, 22, 30, 38, 46, 54 ಏಳೂ ಬಂತು! 38 ಒತ್ತಿದಾಗ ಮೇಲಿನ ಷಡ್ಜ ಬಂದದ್ದು ಕೇಳಿ ಮಾವ ಒಂದು ದೇವರನಾಮದ ಮೊದಲ ಸಾಲು ಹೇಳಿಯೇ ಬಿಟ್ರು.

ರಬ್ಬರ್ ಪಟ್ಟಿಯನ್ನೂ ತೊಳೆದೆ. ಕೀಗಳ ಸಂದಿಯಲ್ಲಿ ಊದುಬತ್ತಿ ಬೂದಿ, ಕುಂಕುಮ, ಒಣಗಿದ ಕಿಸ್ಕಾರ ಹೂವಿನ ಎಸಳು, ಎಷ್ಟು ವರ್ಷದ್ದೋ. 27 ಸರಿ ಆಯ್ತು. 32 ಮಾತ್ರ ಇನ್ನೂ ಜೋರು, ಕಾಲು ಎಲ್ಲ ಪೂರ್ತಿ ಕೂತಿದೆ, ಎರಡು ಸಲ ನೋಡಿದೆ. ಎಂತ ಮಾಡ್ಲಿ?

ಉಪ್ಪಳದ ಸೋಲ್ಡರ್:

ಬಾರೀ ಲಾಯ್ಕ ಮಾಡಿದ್ರಿ. 32ಕ್ಕೆ ಒಂದು ಪರೀಕ್ಷೆ ಉಂಟು. ಪಟ್ಟಿ ಸಾಧಾರಣ ಹನ್ನೆರಡು ಕೀಯದ್ದು ಇರ್ತದೆ, ಕೊನೆಯದ್ದು ಮಾತ್ರ 13ರದ್ದು. ನಿಮ್ಮ 32 ಇರುದು ಮೂರನೇ ಪಟ್ಟಿಯಲ್ಲಿ, 25ರಿಂದ 36. ಅದನ್ನು ತೆಗೆದು ಮೊದಲನೇ ಪಟ್ಟಿಯ ಜೊತೆ ಅದಲು ಬದಲು ಮಾಡಿ. 32 ಸರಿಯಾಗಿ 8 ಜೋರಾದ್ರೆ ರಬ್ಬರಿನ ಬೊಟ್ಟು ಸವೆದದ್ದು. 32ರಲ್ಲೇ ತೊಂದರೆ ಉಳಿದ್ರೆ ಬೋರ್ಡಿನ ಮೇಲಿನ ಗುರುತಲ್ಲಿ ಇನ್ನೂ ಕೊಳೆ ಉಂಟು ಅಥವಾ ಅಲ್ಲಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಸಣ್ಣ ಭಾಗ) ನೋಡ್ಬೇಕು.

ಸೀತಾಂಗೋಳಿಯ ಭಜನೆಯವ:

ಬದಲಿಸಿದೆ ಅಣ್ಣ. 32 ಸರಿ ಆಯ್ತು, 8 ಜೋರಾಯ್ತು, ನೀವು ಹೇಳಿದ ಹಾಗೆಯೇ. ಭಜನೆಗೆ ಅಷ್ಟು ಕೆಳಗಿನ ಕೀಗೆ ನಾನು ಹೋಗುದೇ ಇಲ್ಲ, ಅದು ಸದ್ಯಕ್ಕೆ ಹಾಗೇ ಇರ್ಲಿ. ನಿನ್ನೆ ಶನಿವಾರ ಮಂಗಳದವರೆಗೂ ಬಾರಿಸಿದೆ. ರೆಕ್ಸಿನ್ ಕವರ್ ತೆಗೆದು ಅಮ್ಮನ ಹಳೆ ಹತ್ತಿ ಸೀರೆ ಎರಡು ಮಡಿಕೆ ಮಾಡಿ ಹೊದಿಸಿದ್ದೇನೆ, ಹಿಂದಿನ ಪೆಡಲ್ ಜ್ಯಾಕಿನ ತೂತಿಗೆ ಸ್ಪಂಜ್ ತುಂಡು ಇಟ್ಟೆ, ಹಲ್ಲಿ ಮರಿಯಾಗಿದ್ದಾಗ ಅಲ್ಲಿಂದಲೇ ಹೊಕ್ಕಿರ್ಬೇಕು. ಮೂರೂ ಜನಕ್ಕೆ ನವರಾತ್ರಿ ಭಜನೆಗೆ ಬರ್ಲಿಕ್ಕೆ ಹೇಳಿಕೆ ಉಂಟು, ಸಂಜೆ ಆರೂವರೆಗೆ ಶುರು.