ಸಹಾಯ ಬೇಕು: ಅನುಬಿಯಾಸ್ ಗಿಡದ ರೈಜೋಮ್ (ಅಡ್ಡಲಾಗಿ ಬೆಳೆಯುವ ದಪ್ಪ ಕಾಂಡ) ಕೊಳೆಯುತ್ತಿದೆ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಸಿಹಿನೀರಿನ ಅಕ್ವೇರಿಯಂನಲ್ಲಿ ಅನುಬಿಯಾಸ್ ನಾನಾ ಮತ್ತು ಜಾವಾ ಫರ್ನ್ ಗಿಡಗಳನ್ನು, ರೈಜೋಮ್ ಮರಳಿನೊಳಗೆ ಹೂತುಹೋಗದಂತೆ, ಹತ್ತಿಯ ದಾರದಿಂದ ಡ್ರಿಫ್ಟ್‌ವುಡ್‌ಗೆ (ನೀರಿನಲ್ಲಿಡುವ ಮರದ ತುಂಡಿಗೆ) ಕಟ್ಟಿ ಬೆಳೆಸುತ್ತಿದ್ದೇನೆ. ಜಾವಾ ಫರ್ನ್ ಚೆನ್ನಾಗಿದೆ. ಹಳೆಯ ಎಲೆಗಳ ಅಡಿಯಲ್ಲಿ ಪುಟ್ಟ ಸಸಿಗಳೂ ಮೂಡಿವೆ. ಆದರೆ ಅನುಬಿಯಾಸ್‌ನ ರೈಜೋಮ್ ಒಂದು ತುದಿಯಲ್ಲಿ ಕಂದುಬಣ್ಣಕ್ಕೆ ತಿರುಗಿ, ಬೆರಳಿನಿಂದ ಒತ್ತಿದರೆ ಲೋಳೆಯಂತೆ ಜಾರುತ್ತಿದ್ದು, ಅಲ್ಲಿನ ಎಲೆಗಳು ಇನ್ನೂ ಹಸಿರಾಗಿರುವಾಗಲೇ ತೊಟ್ಟುಸಹಿತ ಕಳಚಿ ತೇಲುತ್ತಿವೆ. ಇನ್ನೊಂದು ತುದಿ ಗಟ್ಟಿಯಾಗಿದೆ, ಹೊಸ ಚಿಗುರೂ ಇದೆ. ನೀರಿನ ಉಷ್ಣತೆ 26 ಡಿಗ್ರಿ. ದೀಪ ದಿನಕ್ಕೆ 7 ಗಂಟೆ ಉರಿಯುತ್ತದೆ. ದ್ರವಗೊಬ್ಬರ ಹೆಚ್ಚಿಸಿ ಎಂದು ಅಂಗಡಿಯವರು ಹೇಳಿದರು. ಕೊಳೆಗೆ ಅದು ಮದ್ದೆಂದು ನನಗನ್ನಿಸುವುದಿಲ್ಲ. ಕೊಳೆತ ಭಾಗವನ್ನು ಗಟ್ಟಿ ಕಾಂಡ ಸಿಗುವವರೆಗೆ ಚೂಪಾದ ಬ್ಲೇಡಿನಿಂದ ಕತ್ತರಿಸಿ ತೆಗೆದರೆ ಉಳಿದದ್ದು ಬದುಕೀತೇ, ಪಕ್ಕದ ಗಿಡಗಳಿಗೆ ತಗುಲದಂತೆ ಅದನ್ನು ಬೇರೆ ಪಾತ್ರೆಯಲ್ಲಿ ಎಷ್ಟು ದಿನ ಇಡಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.