ಅಪ್‌ಡೇಟ್: ಶಾಮನೂರು ಕಡೆ ಮನೆ, ಮಗಳ ಶಾಲೆ

ಹೊಸಪೇಟೆಯಿಂದ ದಾವಣಗೆರೆಗೆ ವರ್ಗ, ಶಾಮನೂರು ಕಡೆ ಹೊಸ ಬಡಾವಣೆಯಲ್ಲಿ ಸೈಟ್ ತಗೊಳ್ಳೋದಾ ಬಾಡಿಗೆಗೆ ಇರೋದಾ ಅಂತ ಕೇಳಿದ್ದೆನಲ್ಲ, ಬಾಡಿಗೆಗೇ ಬಂದ್ವಿ. "ಬೆಳಿಗ್ಗೆ ಆರಕ್ಕೆ ಹೋಗಿ ಬೀದಿ ನೋಡಿ" ಅಂದವರಿಗೆ ದೊಡ್ಡ ನಮಸ್ಕಾರ. ಬ್ರೋಕರ್ "ನೀರಿಗೆ ತೊಂದರೆನೇ ಇಲ್ಲ ಸಾರ್" ಅಂದಿದ್ದ ಮನೆ ಮುಂದೆ ನೀಲಿ ಡ್ರಮ್ಮುಗಳು ಟ್ಯಾಂಕರ್‌ಗೆ ಕಾಯ್ತಾ ಸಾಲಾಗಿ ನಿಂತಿದ್ವು! ಎರಡು ರಸ್ತೆ ಆಚೆ ಬೇರೆ ಮನೆ ಸಿಕ್ತು.

"ಸೈಟೇ ತಗೊಂಡುಬಿಡಿ" ಅನ್ನೋ ಸಲಹೆ ಕೈ ಹಿಡೀಲಿಲ್ಲ. ಇ-ಖಾತಾ (ಆಸ್ತಿ ಯಾರ ಹೆಸರಲ್ಲಿದೆ ಅನ್ನೋ ಡಿಜಿಟಲ್ ದಾಖಲೆ) ಇಲ್ಲದೆ ರಿಜಿಸ್ಟ್ರೇಷನ್ ಆಗಲ್ಲ, ಓನರ್ ಹತ್ರ ಇದ್ದಿದ್ದು ಬರೀ ಅಗ್ರಿಮೆಂಟ್ ಜೆರಾಕ್ಸ್.

ಶಾಲೆಗೆ ಫೀಸಿಗಿಂತ ವ್ಯಾನೇ ತಲೆನೋವು, ಊರೆಲ್ಲ ಸುತ್ತಿ 50 ನಿಮಿಷ. ಕೊನೆಗೆ ವಿದ್ಯಾನಗರದಲ್ಲಿ ತುಂಬಾ ವರ್ಷದಿಂದ ಇರೋ ಶಾಲೆಗೇ ಮಗಳನ್ನ ಸೇರಿಸಿದ್ವಿ, ಸ್ಕೂಟರಲ್ಲಿ ಬಿಟ್ಟು ಬರ್ತೀನಿ. ಭದ್ರಾ ನಾಲೆ ನೀರು ತುಂಬೋ ಕುಂದುವಾಡ ಕೆರೆ ಏರಿ ಮೇಲೆ ಸಂಜೆ ವಾಕಿಂಗ್ ಇಷ್ಟು ಚೆನ್ನಾಗಿರುತ್ತೆ ಅಂತ ಮಾತ್ರ ಯಾರೂ ಹೇಳಿರಲಿಲ್ಲ ನೋಡಿ.